ಕೆಳಗಿನ ಸಾಲಿನ ದನಿ

ಫೋನಿನಲ್ಲಿ ಜಗದಾಂಬಾಳ 'ಹಲೋ' ಕೇಳಿದವರು ಹೆಚ್ಚುಕಮ್ಮಿ ಎಲ್ಲರೂ 'ಹೇಳಿ ಸಾರ್' ಎಂದೇ ಮಾತು ಶುರು ಮಾಡುತ್ತಿದ್ದರು. ಕೊರಿಯರಿನವರು, ಗ್ಯಾಸಿನವರು, ಕನ್ನಡಕ ರೆಡಿಯಾಯಿತೇ ಎಂದು ಕೇಳುವ ಗಿರಾಕಿಗಳು, ಯಾರೂ ಇದಕ್ಕೆ ಹೊರತಲ್ಲ. ಮೊದಮೊದಲು ಅವಳು ತಿದ್ದುತ್ತಿದ್ದಳು. ತಿದ್ದಿದರೆ ಅವರು ನಾಚಿಕೊಂಡು ತಪ್ಪಾಯಿತು ಎನ್ನುವುದು, ಅದಕ್ಕೆ ಇವಳು ಪರವಾಗಿಲ್ಲ ಬಿಡಿ ಎನ್ನುವುದು, ಇಷ್ಟೆಲ್ಲ ಯಾಕೆ ಎನಿಸಿ ಆಮೇಲೆ ಬಿಟ್ಟೇಬಿಟ್ಟಳು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಶಿವಶಂಕರಪ್ಪನವರ ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ಬಂದವರ ಮುಖಕ್ಕೆ ಹೊಂದುವ ಫ್ರೇಮು ಹುಡುಕಿಕೊಡುವುದು, ಮೂಗಿನ ಮೇಲೆ ಕೂರದ್ದನ್ನು ಬಗ್ಗಿಸಿ ಸರಿಮಾಡುವುದು. ಐವತ್ತರ ಹತ್ತಿರ ಬಂದಿದ್ದಳು.

ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಹಾಡುವ ಆಸೆ ಚಿಕ್ಕಂದಿನಿಂದ ಇತ್ತು, ಶ್ರುತಿಯೂ ತಪ್ಪುತ್ತಿರಲಿಲ್ಲ. ಆದರೆ ಹೈಸ್ಕೂಲಿಗೆ ಬರುವಷ್ಟರಲ್ಲಿ ದನಿ ಕೆಳಕ್ಕೆ ಇಳಿದು ಅಲ್ಲೇ ಕೂತುಬಿಟ್ಟಿತು. ಪ್ರಾರ್ಥನೆಗೆ ನಿಲ್ಲಿಸಿದ ಟೀಚರು ಒಂದು ದಿನ ಹತ್ತಿರ ಬಂದು, ನೀನು ಸುಮ್ಮನೆ ತುಟಿ ಆಡಿಸು ಸಾಕು ಎಂದರು. ಆ ವರ್ಷವೆಲ್ಲ ಅವಳು ಸಾಲಿನಲ್ಲಿ ನಿಂತು ತುಟಿ ಆಡಿಸಿದಳು.

ಅವಳಿಂದ ನಿಜವಾಗಿ ಹಾಡಿಸಿದವನೆಂದರೆ ಜನ್ನಾಪುರದ ಓಬಯ್ಯ. ಆಗ ಭದ್ರಾವತಿಯಲ್ಲಿ ಆರ್ಕೆಸ್ಟ್ರಾ ಎಂದರೆ ಗಣಪತಿ ಪೆಂಡಾಲಿನ ಮುಂದೆ ಹಾಕಿದ ಸ್ಟೇಜು, ಒಂದು ಕೀಬೋರ್ಡು, ಡ್ರಮ್ಸು, ಮಿರಿಮಿರಿ ಮಿಂಚುವ ಅಂಗಿಯ ಗಾಯಕ. ಕಾರ್ಖಾನೆ ಕಡೆಯ ಜನ ಕನ್ನಡದ ಹಾಡು ಮುಗಿಯುವಷ್ಟರಲ್ಲಿ ತಮಿಳಿನದು ಕೇಳುವರು, ಅದು ಮುಗಿದರೆ ತೆಲುಗಿನದು. ಅಂಥ ಒಂದು ತಂಡ ಓಬಯ್ಯನದು. ಅವನು ಜಗದಾಂಬಾಳ ದನಿ ಕೇಳಿ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ: 'ಸೋಲೋ ಕೊಡಕ್ಕಾಗಲ್ಲ ಮಾರಾಯ್ತಿ, ಜನ ಒಪ್ಪಲ್ಲ. ಹಿಂದೆ ನಿಂತ್ಕೊಂಡು ಕೋರಸ್ ಮಾಡ್ತೀಯಾ?' ಮಾಡುತ್ತೇನೆ ಎಂದಳು. ಇಪ್ಪತ್ತರಿಂದ ಮೂವತ್ತರವರೆಗೆ ಅವಳು ಹಿಂದೆ ನಿಂತಳು. ಆ ಹತ್ತು ವರ್ಷದಲ್ಲಿ ಬಂದ ಸಂಬಂಧಗಳಲ್ಲಿ ಕೆಲವು ಸ್ಟೇಜು ಹತ್ತುವ ಹುಡುಗಿ ಎಂಬ ಮಾತಿಗೆ ಹಿಂದೆ ಸರಿದವು. ಇನ್ನು ಕೆಲವು, ಹುಡುಗಿ ಕಾಫಿ ತಂದು ಎರಡು ಮಾತಾಡಿದ ಮೇಲೆ.

ಆಮೇಲೆ ಕರೋಕೆ ಬಂತು. ಒಂದು ಲ್ಯಾಪ್‌ಟಾಪು, ಒಬ್ಬ ಗಾಯಕ ಇದ್ದರೆ ಕಾರ್ಯಕ್ರಮ ನಡೆಯುತ್ತದೆ ಅಂದಮೇಲೆ ಹನ್ನೆರಡು ಜನರ ತಂಡವನ್ನು ಯಾರು ಕರೆಯುತ್ತಾರೆ? ಓಬಯ್ಯ ತಂಡ ಮುಚ್ಚಿ, ಶಾಮಿಯಾನ, ಕುರ್ಚಿ, ಸೌಂಡ್ ಬಾಡಿಗೆ ಕೊಡುವ ಅಂಗಡಿ ಇಟ್ಟ. ಜಗದಾಂಬಾ ಅಪ್ಪ ತೀರಿಕೊಂಡ ಮೇಲೆ ತಾಯಿಯನ್ನು ಕರೆದುಕೊಂಡು ಶಿವಮೊಗ್ಗದ ಹೊಸಮನೆಗೆ ಬಂದಳು. ಕೆಲವು ವರ್ಷಕ್ಕೆ ತಾಯಿಯೂ ಹೋದರು. ಮಹಡಿಯ ಮೇಲಿನ ಎರಡು ಕೋಣೆಯಲ್ಲಿ ಉಳಿದವಳು ಇವಳೊಬ್ಬಳು.

ಶನಿವಾರ ಅಂಗಡಿಯ ಶಟರ್ ಎಳೆದು 'ಬರ್ತೀನಿ' ಎಂದು ಹೇಳಿದರೆ, ಸೋಮವಾರ ಬೆಳಿಗ್ಗೆ 'ಬನ್ನಿ, ಕೂತ್ಕೊಳ್ಳಿ' ಎನ್ನುವವರೆಗೆ ಅವಳ ಬಾಯಿಂದ ಮಾತು ಹೊರಡುವ ಪ್ರಸಂಗವೇ ಇರುತ್ತಿರಲಿಲ್ಲ. ಹಾಲಿನವನು ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದ. ಕೆಳಗಿನ ಮನೆಯವರು ಟೀವಿಯ ಮುಂದೆ. ಕೆಲವು ಭಾನುವಾರದ ಸಂಜೆ ಅವಳು ಒಗ್ಗರಣೆ ಹಾಕುತ್ತಾ, 'ಸಾಸಿವೆ ಮುಗೀತಾ ಬಂತು' ಎಂದು ಗಟ್ಟಿಯಾಗಿ ಅಂದುಕೊಳ್ಳುವುದಿತ್ತು. ಗಂಟಲು ಇನ್ನೂ ನಡೆಯುತ್ತಿದೆಯೇ ಎಂದು ನೋಡುವುದಕ್ಕೆ.

ಹಾಗಿರುವಾಗ ವಿಷ್ಣುಪ್ರಸಾದ ಫೋನು ಮಾಡಿದ. ಓಬಯ್ಯನ ತಂಡದಲ್ಲಿ ಕೀಬೋರ್ಡು ನುಡಿಸುತ್ತಿದ್ದವನು. ಈಗ ಬೆಂಗಳೂರಿನಲ್ಲಿ ಒಬ್ಬ ಸಂಗೀತ ನಿರ್ದೇಶಕನ ಕೈಕೆಳಗೆ ಇದ್ದ. ಕನ್ನಡದಲ್ಲಿ ಒಂದು ಸೈನ್ಸ್ ಫಿಕ್ಷನ್ ಸಿನಿಮಾ ಆಗುತ್ತಿದೆ, 'ದೂರದ ಕಕ್ಷೆ' ಅಂತ ಹೆಸರು, ಹಾಡೇ ಇಲ್ಲ, ಬರೀ ಹಿನ್ನೆಲೆ ಸಂಗೀತ, ದೊಡ್ಡ ಆರ್ಕೆಸ್ಟ್ರಾ ಎಂದ. ಅವಳ ಕಣ್ಣ ಮುಂದೆ ಮಿಂಚುವ ಅಂಗಿ ಬಂದು ನಿಂತಿತು. ಅಂಥ ಆರ್ಕೆಸ್ಟ್ರಾ ಅಲ್ಲ ಎಂದು ಅವನು ನಕ್ಕ. ನಲವತ್ತು ಪಿಟೀಲು ಇರುವಂಥದ್ದು. ಅದಕ್ಕೆ ಮಾತಿಲ್ಲದ ಕೋರಸ್ ಬೇಕು, ಮೇಲಿನ ಸ್ಥಾಯಿಗೆ ಎಷ್ಟು ಜನ ಬೇಕಾದರೂ ಸಿಕ್ಕಿದ್ದಾರೆ, ಕೆಳಗಿನ ಸಾಲಿಗೆ ಹೆಂಗಸರೇ ಸಿಗುತ್ತಿಲ್ಲ.

'ನಿಮ್ಮ ದನೀನೇ ಬೇಕು ಅಕ್ಕ' ಎಂದ. ಆ ವಾಕ್ಯವನ್ನು ಅವಳು ಹುಟ್ಟಿದಂದಿನಿಂದ ಯಾರ ಬಾಯಲ್ಲೂ ಕೇಳಿರಲಿಲ್ಲ.

ಅಂಗಡಿಗೆ ರಜೆ ಹೇಳಿ ಮುಂಜಾನೆಯ ರೈಲಿಗೆ ಹೋದಳು. ಸ್ಟುಡಿಯೋ ಒಳಗೆ ಚಳಿ. ನೆಲಕ್ಕೆಲ್ಲ ದಪ್ಪ ಜಮಖಾನ ಹಾಸಿದ್ದರು. ಮೂರು ಸಾಲು ಗಾಯಕರು, ಕೆಳಗಿನ ಸಾಲಿನಲ್ಲಿ ಇವಳ ಜೊತೆ ಇನ್ನು ಐದಾರು ಹೆಂಗಸರು. ಸ್ವರಲಿಪಿ ಓದಲು ಬಾರದ ಇವಳಿಗೆಂದು ವಿಷ್ಣುಪ್ರಸಾದ ಒಂದು ಚೀಟಿಯಲ್ಲಿ ಸರಿಗಮ ಬರೆದುಕೊಟ್ಟ. ಅದರಲ್ಲಿ ಇದ್ದದ್ದು ನಾಲ್ಕೇ ಸ್ವರ. ಮಂದ್ರದಲ್ಲಿ ಒಂದೊಂದನ್ನೂ ಹಿಡಿದು ನಿಲ್ಲಬೇಕು, 'ಊ' ಎಂದು, ಸಂಗೀತ ನಿರ್ದೇಶಕ ಕೈ ಇಳಿಸುವವರೆಗೆ.

ಹೆಡ್‌ಫೋನು ಕಿವಿಗೆ ಹಾಕಿದರು. ಮೊದಲೇ ರೆಕಾರ್ಡ್ ಆಗಿದ್ದ ಪಿಟೀಲುಗಳು ಅದರೊಳಗೆ ಎದ್ದವು. ಅಷ್ಟು ಪಿಟೀಲು ಒಟ್ಟಿಗೆ ಒಂದೇ ಸ್ವರದ ಮೇಲೆ ಏರುವುದನ್ನು ಅವಳು ಎಂದೂ ಕೇಳಿರಲಿಲ್ಲ. ಮೊದಲ ಸಲ ಅವಳು ಹಾಡುವುದನ್ನೇ ಮರೆತು ನಿಂತಳು. ಯಾರೂ ಬೈಯಲಿಲ್ಲ. ಎರಡನೇ ಸಲ ಹಾಡಿದಳು, ಆದರೆ ಉಸಿರು ಸಾಲದೆ ಅರ್ಧಕ್ಕೆ ಕಡಿಯಿತು. ಪಕ್ಕದಲ್ಲಿದ್ದವಳು ಫ್ಲೇವಿಯಾ ಎಂದು, ಚರ್ಚಿನಲ್ಲಿ ಹಾಡಿ ರೂಢಿಯಿದ್ದವಳು. ಮೆಲ್ಲಗೆ ಹೇಳಿದಳು: 'ಒಟ್ಟಿಗೆ ಉಸಿರು ತಗೋಬಾರದು. ನೀವು ತಗೊಳ್ವಾಗ ನಾನು ಹಿಡ್ಕೊಂಡಿರ್ತೀನಿ. ನಾನು ತಗೊಳ್ವಾಗ ನೀವು ಬಿಡಬೇಡಿ.'

ಹಾಗೇ ಮಾಡಿದರು. ಸ್ವರ ಎಲ್ಲೂ ಕಡಿಯಲಿಲ್ಲ. ತಾನು ಬಾಯಿ ಮುಚ್ಚಿ ಉಸಿರೆಳೆದುಕೊಳ್ಳುವ ಆ ಒಂದು ಗಳಿಗೆಯಲ್ಲಿ ತನ್ನ ಸ್ವರವನ್ನು ಇನ್ನೊಬ್ಬಳು ಎತ್ತಿ ಹಿಡಿದಿದ್ದಾಳೆ ಎಂಬುದು ಜಗದಾಂಬಾಳಿಗೆ ಎಂಥ ನೆಮ್ಮದಿ ಕೊಟ್ಟಿತೆಂದರೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ಮಾತಾಡಿದಳು, ನಕ್ಕಳು, ಫ್ಲೇವಿಯಾಳ ತಟ್ಟೆಯಿಂದ ಉಪ್ಪಿನಕಾಯಿ ಎತ್ತಿಕೊಂಡಳು. ಸಂಜೆ ಎಲ್ಲರೂ ಗೇಟಿನ ಬಳಿ ಕ್ಯಾಬು, ಆಟೋ, ಮೆಟ್ರೋ ಎಂದು ಚೆದುರಿದರು. ಫ್ಲೇವಿಯಾಳ ನಂಬರು ತೆಗೆದುಕೊಳ್ಳಬೇಕಿತ್ತು ಎಂದು ನೆನಪಾದಾಗ ರೈಲು ತುಮಕೂರು ದಾಟಿತ್ತು.

ಅಂಗಡಿಯಲ್ಲಿ ಇವಳ ಜೊತೆ ಕೌಂಟರಿನಲ್ಲಿ ನಿಲ್ಲುವವಳು ಸೌಂದರ್ಯ. ಮದುವೆಯಾಗಿ ವರ್ಷವಾಗಿತ್ತು, ಒಳ್ಳೆಯ ಮನಸ್ಸಿನವಳು. ಸಿನಿಮಾಕ್ಕೆ ಹಾಡಿ ಬಂದ ಸುದ್ದಿ ಕೇಳಿ ಅವಳು ಕುಣಿದಾಡಿಬಿಟ್ಟಳು. ಗಿರಾಕಿಗಳಿಲ್ಲದ ಹೊತ್ತು ನೋಡಿ, ಹಾಡಿ ಅಕ್ಕ, ಒಂದ್ಸಲ ಹಾಡಿ ಎಂದು ಹಿಡಿದಳು. ಒಳಗಿನಿಂದ ಶಿವಶಂಕರಪ್ಪನವರೂ ಬಂದು ನಿಂತರು.

ಜಗದಾಂಬಾ ಬೆನ್ನು ನೆಟ್ಟಗೆ ಮಾಡಿಕೊಂಡು ಹಾಡಿದಳು. 'ಊ' ಎಂದು ಮೊದಲನೆಯ ಸ್ವರ, ಬಹಳ ಹೊತ್ತು. ಎರಡನೆಯದು. ಮಧ್ಯೆ ಉಸಿರು ಮುಗಿದು ನಿಲ್ಲಿಸಬೇಕಾಯಿತು, ಮತ್ತೆ ಹಿಡಿದಳು. ಮೂರನೆಯದು, ನಾಲ್ಕನೆಯದು. ಮುಗಿಯಿತು. ಇಬ್ಬರೂ ಇನ್ನೂ ಕಾಯುತ್ತಾ ನಿಂತಿದ್ದರು.

'ಅಷ್ಟೇ' ಎಂದಳು.

ಶಿವಶಂಕರಪ್ಪನವರು ತಲೆಯಾಡಿಸಿ, ಸಿನಿಮಾದಲ್ಲಿ ಚೆನ್ನಾಗಿ ಬರುತ್ತೆ ಬಿಡಿ, ಅಲ್ಲಿ ಎಲ್ಲ ಸೇರಿಸಿರ್ತಾರೆ ಎಂದು ಒಳಗೆ ಹೋದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಒಬ್ಬಳೇ ಹಾಡಿದರೆ ಅದು ಹಾಡೇ ಅಲ್ಲ ಎಂಬುದು ಅವಳಿಗೂ ಆಗಲೇ ಗೊತ್ತಾದದ್ದು.

ಸಿನಿಮಾ ಶಿವಮೊಗ್ಗಕ್ಕೆ ಬಂದಾಗ ಜಗದಾಂಬಾ ತಾನೇ ಟಿಕೆಟ್ಟು ತೆಗೆದು ಸೌಂದರ್ಯ ಮತ್ತು ಅವಳ ಗಂಡನನ್ನು, ಶಿವಶಂಕರಪ್ಪ ದಂಪತಿಯನ್ನು ಕರೆದುಕೊಂಡು ಹೋದಳು. ರೇಷ್ಮೆಯಲ್ಲದಿದ್ದರೂ ರೇಷ್ಮೆಯಂಥದ್ದೇ ಒಂದು ಸೀರೆ ಉಟ್ಟಿದ್ದಳು. ಕತೆಯಲ್ಲಿ ಒಬ್ಬಳು ಹೆಂಗಸು ಒಂಟಿಯಾಗಿ ನೌಕೆಯಲ್ಲಿ ಹೊರಡುತ್ತಾಳೆ, ಮರಳಿ ಬರುವ ಹಾಗಿಲ್ಲ. ನೌಕೆಯ ಕಿಟಕಿಯಲ್ಲಿ ಭೂಮಿ ಕಿತ್ತಳೆಹಣ್ಣಿನಷ್ಟಾಗಿ, ಗೋಲಿಯಷ್ಟಾಗಿ, ಕೊನೆಗೆ ಚುಕ್ಕಿಯಾಗುತ್ತದೆ. ಅಲ್ಲಿಯೇ ಅವರ ಕೋರಸ್ ಬರಬೇಕು. ಸ್ಟುಡಿಯೋದ ಪರದೆಯಲ್ಲಿ ಅದೇ ದೃಶ್ಯ ನೋಡಿಕೊಂಡು ಹಾಡಿದ್ದಳು. 'ಈಗ, ಈಗ' ಎಂದು ಸೌಂದರ್ಯಳ ಮೊಣಕೈ ಮುಟ್ಟಿದಳು.

ಭೂಮಿ ಕಿಟಕಿಯಲ್ಲಿ ಕಾಣಿಸಿತು. ಸಂಗೀತ ನಿಂತುಹೋಯಿತು.

ಭೂಮಿ ಚಿಕ್ಕದಾಗುತ್ತಾ ಹೋಯಿತು. ಪಿಟೀಲಿಲ್ಲ, ಕೋರಸ್ಸಿಲ್ಲ, ಉಸಿರಿನ ಸದ್ದೂ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಪಾಪ್‌ಕಾರ್ನ್ ಪೊಟ್ಟಣಕ್ಕೆ ಕೈಹಾಕಿದ್ದು ಕೇಳಿಸಿತು. ಮುಂದೆ ಎಲ್ಲೋ ಮಗುವೊಂದು, 'ಅಮ್ಮ, ಸೌಂಡ್ ಹೋಯ್ತು' ಎಂದಿತು. ಜಗದಾಂಬಾ ಕತ್ತು ಮುಂದೆ ಚಾಚಿ ಕೂತಿದ್ದಳು, ಇನ್ನೇನು ಬರುತ್ತದೆ ಎಂದು. ಚುಕ್ಕಿಯೂ ಮಾಯವಾಯಿತು. ಮುಂದಿನ ದೃಶ್ಯ ಬಂತು.

ಹೊರಗೆ ಬಂದರು. ಮೊದಲು ಮಾತಾಡಿದವಳು ಸೌಂದರ್ಯ. 'ಅಕ್ಕ, ಕೇಳಿಸ್ತು ನಿಮ್ಮ ದನಿ. ಚೆನ್ನಾಗಿತ್ತು' ಎಂದು ಕೈ ಹಿಡಿದುಕೊಂಡಳು. ಶಿವಶಂಕರಪ್ಪನವರ ಹೆಂಡತಿ, ಹೌದೌದು, ಎದ್ದು ಕಾಣ್ತಿತ್ತು ಎಂದರು. ಅವರ ಮುಖದಲ್ಲಿ ಕುಹಕ ಇರಲಿಲ್ಲ. ನೋಯಿಸಬಾರದು ಎಂಬ ಒಂದೇ ಕಾಳಜಿ. ಅದಕ್ಕೇ ಅವಳಿಗೆ ಇಲ್ಲ ಎನ್ನಲಾಗಲಿಲ್ಲ. ಎಲ್ಲರಿಗೂ ಕಾಫಿ ಕುಡಿಸಿ, ಹೊಸಮನೆಯವರೆಗೆ ನಡೆದೇ ಬಂದಳು.

ವಿಷ್ಣುಪ್ರಸಾದನಿಗೆ ಫೋನು ಮಾಡಿದಳು. ಅವನಿಗೂ ಬೇಜಾರಿತ್ತು. ಕೊನೆ ಗಳಿಗೆಯಲ್ಲಿ ಸಿನಿಮಾದ ಡೈರೆಕ್ಟರು ತೆಗೆಸಿಬಿಟ್ಟರಂತೆ. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಸದ್ದೂ ಇರುವುದಿಲ್ಲ, ಅಲ್ಲಿ ಮೌನವೇ ಸರಿ ಎಂದರಂತೆ. ಆದರೆ ಸಂಗೀತದ್ದೇ ಆಲ್ಬಮ್ಮು ಬೇರೆ ಬರುತ್ತದೆ, ಅದರಲ್ಲಿ ಪೂರ್ತಿ ಇರುತ್ತದೆ, ಕಾಯಿರಿ ಅಕ್ಕ ಎಂದ. ಆಯ್ತಪ್ಪ ಎಂದಳು. ಸಿನಿಮಾ ವಾರ ತುಂಬುವ ಮೊದಲೇ ಊರು ಬಿಟ್ಟಿತು.

ಆಲ್ಬಮ್ಮು ಬಂದದ್ದು ಎಷ್ಟೋ ತಿಂಗಳ ಮೇಲೆ, ಜನ ಆ ಸಿನಿಮಾದ ಹೆಸರನ್ನೂ ಮರೆತಿದ್ದಾಗ. ವಿಷ್ಣುಪ್ರಸಾದ ಲಿಂಕು ಕಳಿಸಿದ. ಒಂದಾದ ಮೇಲೊಂದು ವಾದ್ಯಸಂಗೀತ, ಒಂದು ಗಂಟೆಗೂ ಮೀರಿದ್ದು. ನಡುವೆ 'ನೌಕೆ ಕತ್ತಲಿಗೆ' ಎಂಬ ಹೆಸರಿನದು ಅವರದ್ದು. ಅಡುಗೆಮನೆಯ ಕಟ್ಟೆಯ ಮೇಲೆ ಫೋನು ಇಟ್ಟು ಹಾಕಿದಳು. ಪಿಟೀಲು ಬಂತು, ಮೇಲಿನ ಸಾಲಿನ ಹುಡುಗಿಯರು ಬಂದರು. ಕೆಳಗಿನ ಸಾಲು ಬರಲೇ ಇಲ್ಲ. ಫೋನಿನ ಆ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹಿಡಿಯುವ ಶಕ್ತಿಯಿಲ್ಲ ಎಂದು ಹೊಳೆದು ಇಯರ್‌ಫೋನು ಹಾಕಿಕೊಂಡಳು. ಆಗ ಏನೋ ಒಂದು ಇತ್ತು ಅಡಿಯಲ್ಲಿ, ಮಂದವಾಗಿ. ಅದರಲ್ಲಿ ತಾನು ಯಾರು, ಫ್ಲೇವಿಯಾ ಯಾರು, ಗೊತ್ತಾಗಲಿಲ್ಲ. ಮತ್ತೆ ಮತ್ತೆ ಹಾಕಿದಳು. ತನ್ನ ಮನೆಯ ದೀಪ ಯಾವುದು ಎಂದು ಊರಾಚೆಯ ರಾಗಿಗುಡ್ಡದ ಮೇಲೆ ನಿಂತು ಹುಡುಕಿದ ಹಾಗಿತ್ತು.

ಯಾರಿಗಾದರೂ ಕೇಳಿಸಬೇಕೆನಿಸಿತು. ಅಂಗಡಿಯಲ್ಲಿ ಬಿಡುವಾದಾಗ ಇಯರ್‌ಫೋನಿನ ಒಂದು ತುದಿಯನ್ನು ಸೌಂದರ್ಯಳ ಕೈಗೆ ಕೊಟ್ಟಳು. ಹೇಗೆ ಶುರು ಮಾಡುವುದು ಎಂದು ಎರಡು ದಿನ ಯೋಚಿಸಿದ್ದಳು: ಅವತ್ತು ಥಿಯೇಟರಿನಲ್ಲಿ ಅದು ಬರಲೇ ಇಲ್ಲ, ನೋಡು, ಇದು ನಿಜವಾದದ್ದು. ಸೌಂದರ್ಯ ಕಣ್ಣು ಮುಚ್ಚಿ ಶ್ರದ್ಧೆಯಿಂದ ಕೇಳಿದಳು. ಮುಗಿದ ಮೇಲೆ ಅವಳ ಮುಖ ಅರಳಿತ್ತು.

'ಇದೇ ಅಲ್ವಾ ಅಕ್ಕ, ಅವತ್ತು ಭೂಮಿ ಚಿಕ್ಕದಾಗ್ವಾಗ ಬಂದಿದ್ದು? ನಂಗೆ ಚೆನ್ನಾಗಿ ನೆನಪಿದೆ.'

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವತ್ತು ಹೇಳಿದ ಮಾತು ಅಷ್ಟು ದಿನದಲ್ಲಿ ಅವಳೊಳಗೆ ನಿಜವೇ ಆಗಿಬಿಟ್ಟಿತ್ತು. ಜಗದಾಂಬಾ ಯೋಚಿಸಿಟ್ಟಿದ್ದ ಮಾತನ್ನೆಲ್ಲ ನುಂಗಿಕೊಂಡು 'ಹೂಂ, ಇದೇ' ಎಂದಳು. ಯಾರೋ ಮುದುಕರು ಕನ್ನಡಕದ ಕಾಲು ಮುರಿದುಕೊಂಡು ಬಂದರು. ಇಬ್ಬರೂ ಎದ್ದರು.

ಸುಳ್ಳು ಹೇಳದವನು ಒಬ್ಬನಿದ್ದಾನೆ ಎಂದು ನೆನಪಾದದ್ದು ಆ ವಾರವೇ. ಭಾನುವಾರ ಭದ್ರಾವತಿಯ ಬಸ್ಸು ಹತ್ತಿದಳು. ಓಬಯ್ಯನನ್ನು ನೋಡಿ ಏಳೆಂಟು ವರ್ಷವಾಗಿತ್ತು. ತಾಯಿ ಹೋದಾಗ ಬಂದಿದ್ದ, ಅಷ್ಟೇ. ರಂಗಪ್ಪ ಸರ್ಕಲ್ಲಿನಲ್ಲಿ ಇಳಿದು ಆಟೋದಲ್ಲಿ ಜನ್ನಾಪುರಕ್ಕೆ ಹೋದಳು. ಅವನು ಗೋಡೌನಿನ ಬಾಗಿಲಲ್ಲಿ ಕೂತು ಕುರ್ಚಿ ಎಣಿಸುತ್ತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು.

'ಏನ್ ಮಾರಾಯ್ತಿ, ದಾರಿ ತಪ್ಪಿ ಬಂದ್ಯಾ?' ಎಂದ.

ಅವಳು ಎಲ್ಲವನ್ನೂ ಹೇಳಿದಳು. ಸ್ಟುಡಿಯೋ, ಥಿಯೇಟರು, ಫೋನಿನ ಸ್ಪೀಕರಿನಲ್ಲಿ ಕೇಳಿಸದೇ ಹೋದದ್ದು. ನಿಮ್ಮ ದೊಡ್ಡ ಸ್ಪೀಕರ್ ಬಾಕ್ಸಿನಲ್ಲಿ ಒಂದು ಸಲ ಹಾಕಿಕೊಡಿ ಓಬಣ್ಣ ಎಂದಳು. ಅವನು ಎದ್ದು, ಮದುವೆಮನೆಗೆ ಕಳಿಸುವ ಆಳೆತ್ತರದ ಎರಡು ಬಾಕ್ಸುಗಳ ಮೇಲಿನ ಟಾರ್ಪಾಲು ತೆಗೆದ. ವೈರು ಚುಚ್ಚಿದ, ಮಿಕ್ಸರಿಗೆ ಅವಳ ಫೋನು ಸೇರಿಸಿದ.

ಸಂಗೀತ ಎದ್ದಾಗ ಗೋಡೌನಿನ ತಗಡು ಅದುರಿತು. ಎದುರು ಮನೆಯ ಹೆಂಗಸು ಹೊರಗೆ ಬಂದು ನೋಡಿದಳು. ಕೆಳಗಿನ ಸಾಲು ಈಗ ಬಂತು. ಕಿವಿಗಿಂತ ಮೊದಲು ಅಂಗಾಲಿಗೆ. ಓಬಯ್ಯ ತಲೆ ಒಂದು ಕಡೆ ವಾಲಿಸಿ, ತಾಲೀಮಿನಲ್ಲಿ ಕೇಳುತ್ತಿದ್ದ ಹಾಗೇ ಕೇಳಿದ. ಮುಗಿಯಿತು.

'ನಾನು ಯಾವ್ದು, ಗೊತ್ತಾಯ್ತಾ?' ಎಂದು ಅವಳು ಕೇಳಿದಳು.

'ಇಲ್ಲ' ಎಂದ. 'ಹತ್ತು ವರ್ಷ ಕೇಳಿದೀನಿ ನಿನ್ನ ದನಿ. ಆದ್ರೂ ಇದ್ರಲ್ಲಿ ಸಿಕ್ಕಲ್ಲ.'

ಅವಳಿಗೆ ಅಳು ಬರುವ ಹಾಗಿತ್ತು, ಜೊತೆಗೇ ಯಾಕೋ ಎದೆ ಹಗುರಾದ ಹಾಗೂ ಇತ್ತು. ಓಬಯ್ಯ ಅವಳನ್ನು ನೋಡಲಿಲ್ಲ. ಮತ್ತೆ ಮೊದಲಿಂದ ಹಾಕಿದ. ಅರ್ಧಕ್ಕೆ ಬಂದಾಗ ಮಿಕ್ಸರಿನಲ್ಲಿ ಬೇಸ್, ಅಂದರೆ ಕೆಳಗಿನ ಸ್ವರಗಳ ಗುಂಡಿಯನ್ನು ಪೂರ್ತಿ ಕೆಳಗೆ ತಿರುಗಿಸಿದ. ಪಿಟೀಲು ಇದ್ದವು, ಮೇಲಿನ ಹುಡುಗಿಯರು ಇದ್ದರು; ಆದರೆ ಎಲ್ಲ ತೆಳ್ಳಗೆ, ಟಿನ್ನಿನ ಡಬ್ಬಿಯೊಳಗಿಂದ ಬಂದಂತೆ. ಮತ್ತೆ ಮೇಲಕ್ಕೆ ತಿರುಗಿಸಿದ. ತಗಡು ಅದುರಿತು.

'ಕೆಳಗಿನ ಸಾಲು ಸುಳ್ಳಲ್ಲ' ಎಂದಷ್ಟೇ ಹೇಳಿದ.

ಇನ್ನೊಂದು ಸಲ ಹಾಕಿ ಎನ್ನಬೇಕೆಂದಿದ್ದಳು. ಅಷ್ಟರಲ್ಲಿ ಹೊಳೆಹೊನ್ನೂರಿನ ಒಂದು ನಿಶ್ಚಿತಾರ್ಥಕ್ಕೆ ಬಾಕ್ಸು ಒಯ್ಯಲು ಗಾಡಿ ಬಂತು. ಓಬಯ್ಯ ವೈರು ಕಿತ್ತ. ಬಾಕ್ಸ್ ಇಲ್ಲೇ ಇರೋ ದಿನ ಫೋನ್ ಮಾಡ್ತೀನಿ ಬಾ ಎಂದ. ಅವಳು ಬಸ್ಸಿಗೆ ಹೊರಟಳು.

ಅವನ ಫೋನು ಬರಲಿಲ್ಲ. ಲಗ್ನದ ಕಾಲ, ಬಾಕ್ಸು ಗೋಡೌನಿನಲ್ಲಿ ನಿಲ್ಲುವುದುಂಟೇ? ಅವಳೂ ತಾನಾಗಿ ಮಾಡಲಿಲ್ಲ. ಬೆಳಿಗ್ಗೆ ಅಂಗಡಿ, ಸಂಜೆ ಮನೆ. ಸೌಂದರ್ಯ ಬಸುರಿಯಾಗಿ ರಜೆಯ ಮೇಲೆ ಹೋದಳು. ಕೌಂಟರಿನಲ್ಲಿ ಮಾತು ಇನ್ನೂ ಕಡಿಮೆಯಾಯಿತು. ಇಯರ್‌ಫೋನಿನ ಒಂದು ಕಿವಿ ಕೆಟ್ಟಿತು, ಹೊಸದು ತರಲಿಲ್ಲ.

ಜುಲೈನಲ್ಲಿ ಒಂದು ದಿನ ಫೋನು ಬಂತು. 'ಆಷಾಢ ಶುರುವಾಯ್ತಲ್ಲ' ಎಂದ ಓಬಯ್ಯ. 'ಮದ್ವೆ ಇಲ್ಲ, ಗೃಹಪ್ರವೇಶ ಇಲ್ಲ. ಬಾಕ್ಸೆಲ್ಲ ಇಲ್ಲೇ ಬಿದ್ದಿದಾವೆ. ಅವತ್ತು ಒಂದೇ ಕೇಳಿದ್ದು, ಪೂರ್ತಿ ಆಲ್ಬಮ್ ಕೇಳ್ಬೇಕು ನಂಗೆ. ಭಾನುವಾರ ಬರ್ತೀಯಾ?'

ಬರ್ತೀನಿ ಎಂದಳು, ಹೋದಳು. ಅವನು ಎರಡು ಕುರ್ಚಿ ಒರೆಸಿ ಹಾಕಿದ್ದ. ಅವನ ಹೆಂಡತಿ ಮಂಡಕ್ಕಿ, ಟೀ ತಂದುಕೊಟ್ಟು ಒಳಗೆ ಹೋದಳು. ಆಲ್ಬಮ್ಮನ್ನು ಮೊದಲಿಂದ ಹಾಕಿದರು. ನೌಕೆ ಕಟ್ಟುವಾಗಿನದು, ಬೀಳ್ಕೊಡುಗೆಯದು, ಒಂದೊಂದೇ ಬಂತು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಓಬಯ್ಯನ ಕತ್ತು ಎದೆಗೆ ಬಿತ್ತು. ತಗಡು ಅದುರುವ ಆ ಸದ್ದಿನಲ್ಲಿಯೂ ಅವನು ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಅವಳು ಎಬ್ಬಿಸಲಿಲ್ಲ. 'ನೌಕೆ ಕತ್ತಲಿಗೆ' ಬಂತು, ಹೋಯಿತು; ಅವಳೊಬ್ಬಳೇ ಕೇಳಿದಳು. ಅದಾದ ಮೇಲೂ ಅರ್ಧ ಗಂಟೆಯ ಸಂಗೀತವಿತ್ತು. ಅಲ್ಲಿಂದ ಮುಂದಿನದನ್ನು ಅವಳೂ ಎಂದೂ ಕೇಳಿರಲಿಲ್ಲ. ಒಂದು ಕಡೆ ಒಂದೇ ಒಂದು ಕೊಳಲು ಬಹಳ ಹೊತ್ತು ನುಡಿಯಿತು, ತುಂಬಾ ಚೆನ್ನಾಗಿತ್ತು.

ಎಲ್ಲ ಮುಗಿದು ಗೋಡೌನು ನಿಶ್ಶಬ್ದವಾದಾಗ ಓಬಯ್ಯನಿಗೆ ಎಚ್ಚರವಾಯಿತು. ಕಣ್ಣು ಉಜ್ಜಿಕೊಂಡು ಸುತ್ತ ನೋಡಿದ.

'ನಿದ್ದೆ ಬಂದ್ಬಿಡ್ತು ಮಾರಾಯ್ತಿ. ಏನೂ ಕೇಳಿಲ್ಲ' ಎಂದ. 'ಬಸ್ಸಿಗೆ ಹೊತ್ತಿದ್ರೆ ಇನ್ನೊಂದ್ಸಲ ಹಾಕು.'

ಹೊತ್ತಿತ್ತು. ಅವಳು ಎದ್ದು ಮೊದಲಿಂದ ಹಾಕಿದಳು.